ಕಡಲಲ್ಲಿ ರಕ್ಷಣೆ ಪಡೆದ ಆಶ್ರಯಾರ್ಥಿಗಳು: ಹೊಣೆಯ ಇತಿಹಾಸ

ಮುಳುಗುವವರನ್ನು ಎತ್ತಿಕೊಳ್ಳುವುದು ನಾವಿಕರ ಹಳೆಯ ಧರ್ಮ. 1910ರ ಬ್ರಸೆಲ್ಸ್ ಒಪ್ಪಂದದಿಂದ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಪ್ಪಂದದವರೆಗೆ ಎಲ್ಲವೂ ಇದನ್ನು ಕಡ್ಡಾಯ ಮಾಡಿವೆ. ಎತ್ತಿಕೊಂಡವರನ್ನು ಯಾವ ದೇಶ ಇಳಿಸಿಕೊಳ್ಳಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ವಿಯೆಟ್ನಾಂನಿಂದ ದೋಣಿಗಳಲ್ಲಿ ಹೊರಟವರಿಗೆ 1979ರಿಂದ ಒಂದು ಏರ್ಪಾಡಾಯಿತು: ಬೇರೆ ದೇಶಗಳು ಪುನರ್ವಸತಿಯ ಭರವಸೆ ಕೊಟ್ಟರೆ ಆಗ್ನೇಯ ಏಷ್ಯಾದ ಬಂದರುಗಳು ಇಳಿಸಿಕೊಳ್ಳುತ್ತಿದ್ದವು. ಅದು ಆ ವಲಸೆಗಷ್ಟೇ ಸೀಮಿತವಾಗಿತ್ತು.

ಈ ಕೊರತೆ ಜಗತ್ತಿನ ಕಣ್ಣಿಗೆ ಬಿದ್ದದ್ದು ಟಾಂಪಾ ಪ್ರಕರಣದಲ್ಲಿ. 2001ರ ಆಗಸ್ಟ್ 26ರಂದು ನಾರ್ವೆಯ ಟಾಂಪಾ ಹಡಗು, ಆಸ್ಟ್ರೇಲಿಯಾದ ಕ್ರಿಸ್ಮಸ್ ದ್ವೀಪದಿಂದ ಸುಮಾರು 140 ಕಿ.ಮೀ. ಉತ್ತರದಲ್ಲಿ ಕೆಟ್ಟುನಿಂತಿದ್ದ ಇಂಡೋನೇಷ್ಯಾದ ದೋಣಿಯಿಂದ ಜನರನ್ನು ಹತ್ತಿಸಿಕೊಂಡಿತು. ಅವರ ಸಂಖ್ಯೆ ಕೆಲವು ಬರಹಗಳಲ್ಲಿ 433, ಇನ್ನು ಕೆಲವುಗಳಲ್ಲಿ 438. ಎರಡೂ ತಪ್ಪಲ್ಲ, ಎರಡನೆಯದರಲ್ಲಿ ದೋಣಿಯ 5 ಸಿಬ್ಬಂದಿಯೂ ಸೇರಿದ್ದಾರೆ. ಆಶ್ರಯಾರ್ಥಿಗಳಲ್ಲಿ ಹೆಚ್ಚಿನವರು ಅಫ್ಘಾನಿಸ್ತಾನದ ಹಜಾರಾ ಸಮುದಾಯದವರು.

ಗೊಂದಲ ಹೆಚ್ಚಿರುವುದು ಹೊಣೆಯ ವಿಷಯದಲ್ಲಿ. ಸ್ಥಳ ಇಂಡೋನೇಷ್ಯಾದ ರಕ್ಷಣಾ ವಲಯದ್ದು (ಕಡಲಲ್ಲಿ ಸಿಲುಕಿದವರ ಶೋಧ ಮತ್ತು ರಕ್ಷಣೆಗೆ ಒಂದು ದೇಶ ಹೊಣೆಯಾಗಿರುವ ಪ್ರದೇಶ), ಹಡಗುಗಳಿಗೆ ಕರೆ ಕೊಟ್ಟದ್ದು ಆಸ್ಟ್ರೇಲಿಯಾ, ಹಡಗಿನ ಧ್ವಜ ನಾರ್ವೆಯದು. ಆಸ್ಟ್ರೇಲಿಯಾ ಒಳಗೆ ಬಿಡಲಿಲ್ಲ. 50 ಜನರಿಗೆ ಪರವಾನಗಿಯಿದ್ದ ಸರಕು ಹಡಗಿನಲ್ಲಿ ಅಷ್ಟೂ ಜನ ಬಿಸಿಲಲ್ಲಿ ಉಳಿದರು. ಕ್ಯಾಪ್ಟನ್ ಅರ್ನೆ ರಿನ್ನನ್ ಆಗಸ್ಟ್ 29ರಂದು ಅಪ್ಪಣೆಯಿಲ್ಲದೆ ಆಸ್ಟ್ರೇಲಿಯಾದ ಗಡಿಜಲ ಪ್ರವೇಶಿಸಿದಾಗ ಅಲ್ಲಿನ ಸೈನಿಕರು ಹಡಗೇರಿದರು. ಆಶ್ರಯಾರ್ಥಿಗಳನ್ನು ಕೊನೆಗೆ ನೌರು ಮತ್ತು ನ್ಯೂಜಿಲೆಂಡ್‌ಗೆ ಕಳುಹಿಸಲಾಯಿತು. ಇವರನ್ನು ಆಸ್ಟ್ರೇಲಿಯಾ ತಡೆದಿಟ್ಟದ್ದು ಅಕ್ರಮ ಬಂಧನವೆಂದು ಸೆಪ್ಟೆಂಬರ್ 11ರಂದು ಅಲ್ಲಿನ ಫೆಡರಲ್ ನ್ಯಾಯಾಲಯ ಹೇಳಿತು. ಆರೇ ದಿನದಲ್ಲಿ ಅದರ ಪೂರ್ಣಪೀಠ 2–1ರ ಬಹುಮತದಿಂದ ಆ ತೀರ್ಪನ್ನು ರದ್ದುಮಾಡಿತು. ರಿನ್ನನ್, ಅವರ ಸಿಬ್ಬಂದಿ ಮತ್ತು ಹಡಗಿನ ಕಂಪನಿಗೆ 2002ರಲ್ಲಿ ನಿರಾಶ್ರಿತರ ಸೇವೆಗಾಗಿ ಕೊಡುವ ನಾನ್ಸೆನ್ ಪ್ರಶಸ್ತಿ ಸಂದಿತು. ಅದು ನ್ಯಾಯವಾಗಿಯೇ ಸಂದ ಗೌರವ.

ಈ ಪ್ರಕರಣದ ಫಲವಾಗಿ 2004ರಲ್ಲಿ ಕಡಲ ಸುರಕ್ಷತೆ ಮತ್ತು ರಕ್ಷಣೆಯ ಒಪ್ಪಂದಗಳಿಗೆ ತಿದ್ದುಪಡಿಯಾಯಿತು. ಅದು 2006ರ ಜುಲೈ 1ರಿಂದ ಜಾರಿಗೆ ಬಂದಿತು. ರಕ್ಷಣಾ ವಲಯ ಯಾವ ದೇಶದ್ದೋ, ಇಳಿಸುವ ಏರ್ಪಾಡಿನ ಮುಖ್ಯ ಹೊಣೆ ಅದರದೇ ಎಂದಾಯಿತು. ತನ್ನ ನೆಲದಲ್ಲೇ ಇಳಿಸಿಕೊಳ್ಳಬೇಕೆಂದು ಅದರಲ್ಲಿಲ್ಲ; ಇದನ್ನು ಬಿಟ್ಟು ಬರೆಯುವ ಲೇಖನಗಳು ಓದುಗರನ್ನು ದಾರಿತಪ್ಪಿಸುತ್ತವೆ. ಮಾಲ್ಟಾ ತಿದ್ದುಪಡಿಯನ್ನು ಒಪ್ಪಲೇ ಇಲ್ಲ. ಹತ್ತಿರದ ಸುರಕ್ಷಿತ ಬಂದರೇ ಇಳಿಸಿಕೊಳ್ಳಲಿ ಎಂಬುದು ಅದರ ವಾದ. ಅದರ ರಕ್ಷಣಾ ವಲಯ ವಿಶಾಲ. ಎಷ್ಟೋ ಸಲ ಹತ್ತಿರದ ಬಂದರು ಇಟಲಿಯದು. ಇಟಲಿಯೋ, ರಕ್ಷಣಾ ವಲಯದ ನಿಯಮವನ್ನು ಮುಂದಿಡುತ್ತ ಬಂದಿದೆ.

ಹೊಣೆಯ ಈ ತಕರಾರು ಮುಂದೆಯೂ ಉಳಿಯಿತು. 2020ರ ಆಗಸ್ಟ್‌ನಲ್ಲಿ ಮಾಲ್ಟಾದ ಅಧಿಕಾರಿಗಳ ಕೋರಿಕೆಯಂತೆ ಡೆನ್ಮಾರ್ಕ್‌ನ ಟ್ಯಾಂಕರ್ ಮೇರ್ಸ್ಕ್ ಎಟಿಯೆನ್ 27 ಜನರನ್ನು ರಕ್ಷಿಸಿತು. ಹಡಗು ಡೆನ್ಮಾರ್ಕ್‌ನದು, ಹೊಣೆ ತನ್ನದಲ್ಲ ಎಂದಿತು ಮಾಲ್ಟಾ. 38 ದಿನ ಅವರು ಹಡಗಿನಲ್ಲೇ ಇದ್ದರು. ಮೂವರು ಕಡಲಿಗೆ ಹಾರಿದಾಗ ಸಿಬ್ಬಂದಿ ಅವರನ್ನು ಇನ್ನೊಮ್ಮೆ ಎತ್ತಿಕೊಂಡರು. ಕೊನೆಗೆ ಸ್ವಯಂಸೇವಾ ಹಡಗು ಮಾರೆ ಜೋನಿಯೊ ಅವರನ್ನು ಪಡೆದು ಸಿಸಿಲಿಯ ಪೊಝಾಲ್ಲೊದಲ್ಲಿ ಇಳಿಸಿತು.