ಒಂದೇ ದಿಕ್ಕಿಗೆ ತೆರೆಯುವ ಬಾಗಿಲು

ವಿದ್ಯುತ್ತಿನ ಚರಿತ್ರೆಯನ್ನು ನಾವು ಹೆಚ್ಚಾಗಿ ಎಡಿಸನ್ ಮತ್ತು ವೆಸ್ಟಿಂಗ್‌ಹೌಸ್ ನಡುವಿನ ಜಗಳವೆಂದು ಓದಿದ್ದೇವೆ. ಡಿ.ಸಿ. ಸೋತಿತು, ಎ.ಸಿ. ಗೆದ್ದಿತು ಎನ್ನುವಲ್ಲಿಗೆ ಪಾಠ ಮುಗಿಯುತ್ತದೆ. ನಮ್ಮ ನಾಡಿಗೂ ದೂರದಿಂದ ಹರಿದು ಬಂದದ್ದು ಎ.ಸಿ.ಯೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಆದರೆ ಬ್ಯಾಟರಿ ಮಾತ್ರ ಈ ತೀರ್ಪನ್ನು ಒಪ್ಪಲೇ ಇಲ್ಲ. ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ತೂಗಾಡುವ ಪ್ರವಾಹದಿಂದ ಅದು ತುಂಬುವುದಿಲ್ಲ. ಒಂದೇ ದಿಕ್ಕಿನ ಹರಿವು ಬೇಕು. ಗೆದ್ದವನಿಗೂ ಸೋತವನಿಗೂ ನಡುವೆ ನಿಂತು ರಾಜಿ ಮಾಡಿಸಿದ ಸಣ್ಣ ಭಾಗವೇ ರೆಕ್ಟಿಫೈಯರ್. ಹಳೆಯ ಚಾರ್ಜರ್‌ಗಳನ್ನು ರಿಪೇರಿ ಮಾಡುವ ಹವ್ಯಾಸ ನನಗೆ ಈ ಮರೆತ ರಾಜಿದಾರನನ್ನು ಪರಿಚಯಿಸಿತು.

1874ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ರೌನ್, ಕೆಲವು ಲೋಹದ ಸಲ್ಫೈಡ್ ಹರಳುಗಳಲ್ಲಿ ವಿದ್ಯುತ್ತು ಒಂದು ಕಡೆಗೆ ಸಲೀಸಾಗಿ, ಇನ್ನೊಂದು ಕಡೆಗೆ ಕಷ್ಟದಿಂದ ಹರಿಯುವುದನ್ನು ಗಮನಿಸಿದ. ಏಕೆ ಎಂದು ಹೇಳುವ ಸಿದ್ಧಾಂತ ಆಗ ಯಾರ ಬಳಿಯೂ ಇರಲಿಲ್ಲ. ಕಲ್ಕತ್ತೆಯ ಜಗದೀಶಚಂದ್ರ ಬೋಸರು ಗೆಲೆನಾ ಎಂಬ ಸೀಸದ ಅದಿರಿನ ಹರಳನ್ನು ವಿದ್ಯುತ್ ಅಲೆಗಳನ್ನು ಹಿಡಿಯಲು ಬಳಸಿದರು. ಅದಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಆದರೆ ಹರಳಿನ ಮೇಲೆ ತಂತಿಯ ಮೊನೆ ತಾಗಿಸಿದರೆ ಹಾಯುವುದು ತೀರ ಸಣ್ಣ ಪ್ರವಾಹ. ರೇಡಿಯೋ ಕೇಳಲು ಅದು ಸಾಕು, ಬ್ಯಾಟರಿ ತುಂಬಲು ಸಾಲದು.

ದೊಡ್ಡ ಪ್ರವಾಹಕ್ಕೆ 1902ರಲ್ಲಿ ಪೀಟರ್ ಕೂಪರ್ ಹೆವಿಟ್ ಪಾದರಸದ ಆವಿಯ ಗಾಜಿನ ಬುರುಡೆಯನ್ನು ಕಂಡುಹಿಡಿದ. ನೀಲಿ ಬೆಳಕು ಚೆಲ್ಲುತ್ತಿದ್ದ ಆ ಬುರುಡೆ ಕೆಲಸಕ್ಕೆ ಸಮರ್ಥವಾದರೂ ಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. 1920ರ ದಶಕದಲ್ಲಿ ತಾಮ್ರದ ಆಕ್ಸೈಡಿನ ಬಿಲ್ಲೆಗಳು ಬಂದವು. ಮುಂದಿನ ದಶಕದಲ್ಲಿ ಸೆಲೆನಿಯಮ್ ಫಲಕಗಳು ಮಾರುಕಟ್ಟೆ ಸೇರಿದವು. 1817ರಲ್ಲಿ ಬರ್ಜೀಲಿಯಸ್ ಈ ಧಾತುವಿಗೆ ಗ್ರೀಕರ ಚಂದ್ರದೇವತೆಯ ಹೆಸರಿಟ್ಟಿದ್ದ. ಲೋಹದ ತಗಡಿನ ಮೇಲೆ ಅದರ ತೆಳು ಲೇಪ. ಒಂದು ಫಲಕ ತಡೆಯುವ ಹಿಮ್ಮುಖ ಒತ್ತಡ ಸುಮಾರು ಇಪ್ಪತ್ತು ಮೂವತ್ತು ವೋಲ್ಟ್ ಮಾತ್ರ. ಹೆಚ್ಚು ಬೇಕಾದರೆ ಫಲಕಗಳನ್ನು ದೋಸೆಯ ಅಟ್ಟಿಯಂತೆ ಒಂದರ ಮೇಲೊಂದು ಪೇರಿಸಬೇಕು.

ಸೆಲೆನಿಯಮ್ ಒಮ್ಮೆಲೇ ಸಾಯುವುದಿಲ್ಲ, ಮುಪ್ಪಾಗುತ್ತದೆ. ಅದರೊಳಗಿನ ರೋಧ ವರ್ಷ ವರ್ಷಕ್ಕೂ ಏರುತ್ತದೆ. ಫಲಕ ಬಿಸಿಯಾಗುತ್ತದೆ, ಹೊರಬರುವ ಒತ್ತಡ ಕುಗ್ಗುತ್ತದೆ. ಕೊನೆಗೆ ಸುಟ್ಟರೆ ಕೊಳೆತ ಮೂಲಂಗಿಯಂಥ ವಾಸನೆ. ಆ ಹೊಗೆ ವಿಷ. ಹಾಗಾಗಿ ಕಿಟಕಿ ತೆರೆದು, ಪ್ಲಗ್ ಕಿತ್ತು, ಹೊರಗೆ ಹೋಗುವುದೇ ಮೊದಲ ರಿಪೇರಿ.

ನಂತರದ ಕೆಲಸ ಸುಲಭವೆಂದು ತೋರುತ್ತದೆ. ಹಳೆಯ ಅಟ್ಟಿಯನ್ನು ಬಿಚ್ಚಿ, 1950ರ ದಶಕದಿಂದೀಚೆಗೆ ಸಿಗುವ ಸಿಲಿಕಾನ್ ಡಯೋಡುಗಳನ್ನು ಬೆಸೆದರೆ ಆಯಿತು. ಆದರೆ ಚಾರ್ಜರ್ ಕಟ್ಟಿದವರು ಸೆಲೆನಿಯಮ್ಮಿನ ದೌರ್ಬಲ್ಯವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಪ್ರತಿ ಫಲಕ ನುಂಗುತ್ತಿದ್ದದ್ದು ಸುಮಾರು ಒಂದು ವೋಲ್ಟ್, ಮುಪ್ಪಾದಂತೆ ಇನ್ನೂ ಹೆಚ್ಚು. ಸಿಲಿಕಾನ್ ನುಂಗುವುದು ಅದಕ್ಕಿಂತ ಕಡಿಮೆ. ಬ್ಯಾಟರಿಗೆ ಹರಿಯುವ ಪ್ರವಾಹವನ್ನು ನಿರ್ಧರಿಸುವುದು ಚಾರ್ಜರಿನ ಒತ್ತಡಕ್ಕೂ ಬ್ಯಾಟರಿಯ ಒತ್ತಡಕ್ಕೂ ಇರುವ ಕೆಲವೇ ವೋಲ್ಟುಗಳ ಅಂತರ. ಅದರಲ್ಲಿ ಅರ್ಧ ವೋಲ್ಟ್ ಏರಿದರೂ ಸೀಸದ ಬ್ಯಾಟರಿ ಹೆಚ್ಚು ಕುದಿಯುತ್ತದೆ, ಹೈಡ್ರೋಜನ್ ಬಿಡುತ್ತದೆ. ಕಿಡಿ ಸಿಕ್ಕರೆ ಸಿಡಿಯುತ್ತದೆ. ಆದ್ದರಿಂದ ಡಯೋಡಿನ ಜೊತೆಗೆ ಸರಣಿಯಲ್ಲಿ ಒಂದು ದಪ್ಪ ರೆಸಿಸ್ಟರ್ ಸೇರಿಸಿ, ಅಮೀಟರ್ ನೋಡುತ್ತ ಅದರ ಬೆಲೆಯನ್ನು ಹೊಂದಿಸಬೇಕು. ಸಿಲಿಕಾನ್ ಕೆಟ್ಟಾಗ ಸಾಮಾನ್ಯವಾಗಿ ಶಾರ್ಟ್ ಆಗುವುದರಿಂದ ಫ್ಯೂಸೂ ಬೇಕು. ಹಳೆಯದರ ಕೊರತೆಯನ್ನು ಹೊಸದು ಬುದ್ಧಿಪೂರ್ವಕವಾಗಿ ಅನುಕರಿಸಬೇಕಾದ ವಿಚಿತ್ರ ಪ್ರಸಂಗವಿದು.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಫಲಕಗಳನ್ನು ಕಿತ್ತೆಸೆದ ಚಾರ್ಜರು ಕೆಲಸ ಮಾಡುತ್ತದೆ, ಆದರೆ ಅದು ಯಾವ ಕಾಲದ್ದು? ಫಲಕಗಳನ್ನು ಉಳಿಸಿಕೊಂಡು ಸುಮ್ಮನಿಟ್ಟರೆ ಚರಿತ್ರೆ ಉಳಿಯುತ್ತದೆ, ಚಾರ್ಜರು ಸಾಯುತ್ತದೆ. ಕೆಲವರು ಸತ್ತ ಅಟ್ಟಿಯನ್ನು ಅಲಂಕಾರಕ್ಕೆ ಅಲ್ಲೇ ಬಿಟ್ಟು, ಡಯೋಡುಗಳನ್ನು ಅದರ ಕೆಳಗೆ ಅಡಗಿಸುತ್ತಾರೆ. ಹೊರನೋಟಕ್ಕೆ ಚೆಂದ. ಆದರೆ ನಾಳೆ ತೆರೆದು ನೋಡುವ ವಿದ್ಯಾರ್ಥಿಗೆ ಅದು ಸುಳ್ಳು ಶಾಸನ.

ನಾನು ಕಂಡುಕೊಂಡ ದಾರಿ ಇಷ್ಟು: ಅಟ್ಟಿಯ ತಂತಿಗಳನ್ನು ಬಿಡಿಸಿ ಅದನ್ನು ಇದ್ದಲ್ಲೇ ಬಿಡುತ್ತೇನೆ, ಡಯೋಡುಗಳನ್ನು ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿ ಕೂರಿಸುತ್ತೇನೆ. ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ ಏನು ಬದಲಾಯಿಸಿದೆ, ರೆಸಿಸ್ಟರ್ ಎಷ್ಟು ಓಮ್, ಯಾವ ದಿನಾಂಕ ಎಂದು ಬರೆಯುತ್ತೇನೆ. ತಿದ್ದಿದವರು ತಮ್ಮ ತಿದ್ದುಪಡಿಗೆ ಸಹಿ ಹಾಕಿದರೆ ಮುಂದೆ ಅದನ್ನು ಓದುವವರ ಕೆಲಸ ಹಗುರ.