ಇಂಗ್ಲಿಷು ಇಂಗ್ಲೆಂಡಿಗೆ ಮರಳಿದ ಬಗೆ

ಕೋರ್ಟು, ಜಡ್ಜಿ, ಜೂರಿ, ಪ್ಲೀಡರು, ಜೈಲು – ಈ ಮಾತುಗಳನ್ನು ಅಕ್ಷರವರಿಯದ ಹಳ್ಳಿಯ ಮುದುಕನೂ ಬಲ್ಲ. ಇವು ಇಂಗ್ಲಿಷ್ ಮಾತುಗಳೆಂದೇ ನಮ್ಮೆಲ್ಲರ ಎಣಿಕೆ. ಆದರೆ ಇವುಗಳ ತೌರುಮನೆಯನ್ನು ವಿಚಾರಿಸಿ ನೋಡಿ. ಎಲ್ಲವೂ ಫ್ರೆಂಚ್ ಭಾಷೆಯಿಂದ ಬಂದವು. ಇಂಗ್ಲಿಷರ ನ್ಯಾಯಸ್ಥಾನದಲ್ಲಿ ಫ್ರೆಂಚಿಗೇನು ಕೆಲಸ ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು.

ಆ ದೇಶದ ಚರಿತ್ರೆಯ ತಿರುವುಗಳೆಂದೊಡನೆ ಶಾಲೆಯಲ್ಲಿ ಕಲಿತವರ ನಾಲಗೆಗೆ ಕೆಲವು ಇಸವಿಗಳು ತಾವಾಗಿ ಬರುತ್ತವೆ: 1066, 1215, 1588, 1688. ಒಂದು ಯುದ್ಧ, ಒಂದು ಸನ್ನದು, ಒಂದು ನೌಕಾಪಡೆಯ ಸೋಲು, ಒಂದು ಕ್ರಾಂತಿ. ಈ ಸಾಲಿನಲ್ಲಿ 1362ನ್ನು ಯಾವ ಉಪಾಧ್ಯಾಯನೂ ಬಾಯಿಪಾಠ ಮಾಡಿಸುವುದಿಲ್ಲ. ನನ್ನನ್ನು ಕೇಳಿದರೆ, ಸೋತುಹೋಗಿದ್ದ ಒಂದು ಜನ ಮತ್ತೆ ತಲೆಯೆತ್ತಿದ್ದು ಆ ಇಸವಿಯ ಆಸುಪಾಸಿನಲ್ಲಿ.

ಮೊದಲು ಸೋತ ಕಥೆ. ನಾರ್ಮಂಡಿಯ ಡ್ಯೂಕ್ ವಿಲಿಯಂ 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಕಾಳಗದಲ್ಲಿ ಗೆದ್ದ. ಇಂಗ್ಲೆಂಡಿನ ದೊರೆ ಹೆರಾಲ್ಡ್ ರಣರಂಗದಲ್ಲೇ ಮಡಿದ. ಕ್ರಿಸ್‌ಮಸ್ ದಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಪಟ್ಟಾಭಿಷೇಕ. ಈತನನ್ನು ದೊರೆಯೆಂದು ಒಪ್ಪುವಿರಾ ಎಂದು ನೆರೆದವರನ್ನು ಎರಡು ಸಲ ಕೇಳಬೇಕಾಯಿತು: ಯಾರ್ಕಿನ ಆರ್ಚ್‌ಬಿಷಪ್ ಇಂಗ್ಲಿಷಿನಲ್ಲಿ ಕೇಳಿದ, ಕುಟಾನ್ಸಿನ ಬಿಷಪ್ ಫ್ರೆಂಚಿನಲ್ಲಿ ಕೇಳಿದ. ಒಳಗಿದ್ದವರು ಗಟ್ಟಿಯಾಗಿ ಜಯಘೋಷ ಮಾಡಿದರು. ಹೊರಗೆ ಕಾವಲಿದ್ದ ನಾರ್ಮನ್ ಸೈನಿಕರು ಆ ಕೂಗನ್ನು ಕೇಳಿ, ದಂಗೆಯೆದ್ದಿತೆಂದು ಬಗೆದು, ಸುತ್ತಣ ಮನೆಗಳಿಗೆ ಬೆಂಕಿಯಿಟ್ಟರು. ದೊರೆಗೂ ಪ್ರಜೆಗೂ ಮಾತು ಬೇರೆಯಾದರೆ ಏನಾದೀತು ಎಂಬುದು ಮೊದಲ ದಿನವೇ ತಿಳಿದುಹೋಯಿತು.

ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ನೆಲವೆಲ್ಲ ಕೈಬದಲಾಯಿತು. 1086ರಲ್ಲಿ ವಿಲಿಯಂ ಮಾಡಿಸಿದ ಜಮೀನಿನ ದಾಖಲೆಯನ್ನು ನೋಡಿದರೆ, ದೊಡ್ಡ ಭೂಮಾಲೀಕರಲ್ಲಿ ಇಂಗ್ಲಿಷ್ ಹೆಸರುಗಳು ಬೆರಳೆಣಿಕೆಗೆ ಸಿಕ್ಕಿದರೆ ಹೆಚ್ಚು. ಅರಮನೆಯಲ್ಲಿ ಫ್ರೆಂಚು, ಮಠದಲ್ಲಿ ಲ್ಯಾಟಿನ್, ಹೊಲದಲ್ಲಿ ಇಂಗ್ಲಿಷು. ಪೀಟರ್‌ಬರೋ ಮಠದ ಸನ್ಯಾಸಿಗಳು ಹಳೆಯ ಇಂಗ್ಲಿಷಿನ ವೃತ್ತಾಂತವೊಂದನ್ನು ಹೇಗೋ ಬರೆದುಕೊಂಡು ಬರುತ್ತಿದ್ದರು. 1154ಕ್ಕೆ ಅದೂ ನಿಂತಿತು. ಕಾಯುವವನ ಬಾಯಲ್ಲಿ ‘ಶೀಪ್’ ಆಗಿದ್ದ ಕುರಿ ಉಳ್ಳವರ ಪಂಕ್ತಿಯಲ್ಲಿ ‘ಮಟನ್’ ಆಯಿತು. (ನಮ್ಮ ಹೋಟೆಲುಗಳ ಹಲಗೆಯ ಮೇಲಿನ ಮಟನ್ನಿನ ಮೂಲವೂ ಅದೇ.)

ಊಟದ ಮಾತು ಹಾಗಿರಲಿ. ನಿಜವಾದ ಕಷ್ಟವಿದ್ದದ್ದು ನ್ಯಾಯಸ್ಥಾನದಲ್ಲಿ. ಹೊಲದ ಬದುವಿಗಾಗಿ ದಾವೆ ಹೂಡಿದ ಒಬ್ಬ ರೈತನನ್ನು ಕಣ್ಣಮುಂದೆ ತಂದುಕೊಳ್ಳಿ. ಅವನ ವಕೀಲ ಫ್ರೆಂಚಿನಲ್ಲಿ ವಾದಿಸುತ್ತಾನೆ. ಎದುರಾಳಿಯ ವಕೀಲನೂ ಫ್ರೆಂಚಿನಲ್ಲೇ ಉತ್ತರ ಕೊಡುತ್ತಾನೆ. ಗುಮಾಸ್ತ ಲ್ಯಾಟಿನ್ನಿನಲ್ಲಿ ಬರೆದುಕೊಳ್ಳುತ್ತಾನೆ. ತನ್ನ ನೆಲ ಉಳಿಯಿತೋ ಹೋಯಿತೋ ಎಂಬುದನ್ನು ಆ ಬಡಪಾಯಿ ಇನ್ನೊಬ್ಬರ ಮುಖ ನೋಡಿ ಊಹಿಸಬೇಕು.

ಈ ಕಟ್ಟು ಸಡಿಲವಾದದ್ದು ಹೇಗೆ? 1204ರಲ್ಲಿ ಜಾನ್ ದೊರೆ ನಾರ್ಮಂಡಿಯನ್ನೇ ಫ್ರಾನ್ಸಿನ ಅರಸನಿಗೆ ಕಳೆದುಕೊಂಡ. ಎರಡು ದಡದಲ್ಲೂ ಜಮೀನಿದ್ದ ಪ್ರಭುಗಳು ಒಂದು ದಡವನ್ನು ಆರಿಸಿಕೊಳ್ಳಬೇಕಾಯಿತು. 1337ರಲ್ಲಿ ಫ್ರಾನ್ಸಿನೊಡನೆ ಆರಂಭವಾದ ದೀರ್ಘಯುದ್ಧದಿಂದ ಫ್ರೆಂಚು ಶತ್ರುವಿನ ಭಾಷೆಯೂ ಆಯಿತು. ಇವು ಕಾರಣಗಳೇ, ಸರಿ. ಆದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಪ್ಲೇಗು.

1348ರಲ್ಲಿ ತೆಂಕಣ ಕರಾವಳಿಯಲ್ಲಿ ಕಾಲಿಟ್ಟ ಆ ಮಹಾಮಾರಿ ಎರಡು ವರ್ಷದೊಳಗೆ ದೇಶದ ಮೂರನೆಯ ಒಂದು ಪಾಲು ಜನರನ್ನಾದರೂ ಕೊಂದಿತು. ಅರ್ಧದಷ್ಟು ಎನ್ನುವ ಲೆಕ್ಕವೂ ಉಂಟು. ಉಳುವವರಿಲ್ಲದೆ ಹೊಲ ಬೀಳುಬಿದ್ದಿತು. ಬದುಕುಳಿದ ಕೂಲಿಯವನು ಹೆಚ್ಚು ಕೂಲಿ ಕೇಳಿದ. ಹಳೆಯ ಕೂಲಿಗೇ ದುಡಿಯತಕ್ಕದ್ದೆಂದು ಪ್ರಭುಗಳು 1351ರಲ್ಲಿ ಶಾಸನ ಮಾಡಿದರು. ಅದರಿಂದ ಸಾಧಿಸಿದ್ದು ಅಷ್ಟರಲ್ಲೇ ಇದೆ. ಹಳ್ಳಿಗನಿಗೆ ಬೆಲೆ ಬಂದಿತು, ಅವನೊಡನೆ ಅವನ ಮಾತಿಗೂ ಬಂದಿತು.

ಇಲ್ಲಿ ಒಬ್ಬ ಉಪಾಧ್ಯಾಯನನ್ನು ನೆನೆಯದೆ ಮುಂದೆ ಹೋಗಲಾರೆ. ಅದೇ ಕಸುಬಿನವನಾದ ನನ್ನ ಪಕ್ಷಪಾತವನ್ನು ತಾವು ಮನ್ನಿಸಬೇಕು. ಅಲ್ಲಿನ ಮಕ್ಕಳು ಶಾಲೆಯಲ್ಲಿ ಲ್ಯಾಟಿನ್ ಪಾಠವನ್ನು ಫ್ರೆಂಚಿಗೆ ತಿರುಗಿಸಿ ಅರ್ಥ ಹೇಳಬೇಕಿತ್ತು. ಅರಿಯದ ಭಾಷೆಗೆ ಅರಿಯದ ಭಾಷೆಯಲ್ಲಿ ಅರ್ಥ! ಪ್ಲೇಗಿನ ತರುವಾಯ ಜಾನ್ ಕಾರ್ನ್‌ವಾಲ್ ಎಂಬ ವ್ಯಾಕರಣದ ಮೇಷ್ಟರು ಇದನ್ನು ಬಿಟ್ಟು, ಇಂಗ್ಲಿಷಿನಲ್ಲಿ ಅರ್ಥ ಹೇಳಿಸತೊಡಗಿದರು. ಇತರರೂ ಅನುಸರಿಸಿದರು. 1385ರ ವೇಳೆಗೆ ಎಲ್ಲ ಶಾಲೆಗಳಲ್ಲೂ ಇದೇ ಪದ್ಧತಿಯಾಯಿತೆಂದು ಜಾನ್ ಟ್ರೆವೀಸಾ ಎಂಬ ಪಾದ್ರಿ ಬರೆದಿಟ್ಟಿದ್ದಾನೆ. ಮಕ್ಕಳು ವ್ಯಾಕರಣವನ್ನು ಬೇಗ ಕಲಿಯುತ್ತಾರೆ ಎಂಬ ಲಾಭವನ್ನೂ, ಕಡಲು ದಾಟಿದರೆ ಫ್ರೆಂಚು ಬಾರದೆ ತೊಡಕಾಗುತ್ತದೆ ಎಂಬ ನಷ್ಟವನ್ನೂ ಅವನು ಎಣಿಸಿದ್ದಾನೆ. ಆರು ನೂರು ವರ್ಷಗಳ ಹಿಂದಿನ ಈ ಚರ್ಚೆಯನ್ನು ನಾವು ಮೊನ್ನೆಮೊನ್ನೆ ಎಲ್ಲೋ ಕೇಳಿದಂತಿದೆಯಲ್ಲವೆ?

ಇನ್ನು 1362. ಆ ವರ್ಷ ಮೂರನೆಯ ಎಡ್ವರ್ಡನ ಪಾರ್ಲಿಮೆಂಟು, ಫ್ರೆಂಚು ಜನಕ್ಕೆ ತಿಳಿಯದ ಕಾರಣ ನ್ಯಾಯಸ್ಥಾನಗಳಲ್ಲಿ ಇಂಗ್ಲಿಷಿನಲ್ಲೇ ವಾದಿಸತಕ್ಕದ್ದೆಂದು ವಿಧಿಸಿತು. ಬರೆದಿಡುವುದು ಮಾತ್ರ ಲ್ಯಾಟಿನ್ನಿನಲ್ಲಿ. ತಮಾಷೆಯೆಂದರೆ, ಆ ಶಾಸನವನ್ನು ಬರೆದದ್ದೇ ಫ್ರೆಂಚಿನಲ್ಲಿ! ವಕೀಲರೂ ಹಳೆಯ ರೂಢಿಯನ್ನು ಸುಲಭವಾಗಿ ಬಿಡಲಿಲ್ಲ. ತಮ್ಮ ಪುಸ್ತಕಗಳಿಗೆ ಶತಮಾನಗಳ ಕಾಲ ಕೆಟ್ಟ ಫ್ರೆಂಚನ್ನೇ ಉಪಯೋಗಿಸಿದರು. ಆದರೂ ಬಾಗಿಲು ತೆರೆಯಿತು. 1399ರಲ್ಲಿ ನಾಲ್ಕನೆಯ ಹೆನ್ರಿ ಸಿಂಹಾಸನ ತನ್ನದೆಂದು ಸಭೆಯಲ್ಲಿ ಸಾರಿದ್ದು ಇಂಗ್ಲಿಷಿನಲ್ಲಿ. 1476ರಲ್ಲಿ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಯಂತ್ರ ಹೂಡುವ ವೇಳೆಗೆ ಯಾವ ಭಾಷೆಯಲ್ಲಿ ಪುಸ್ತಕ ಮಾರಿದರೆ ಲಾಭವೆಂಬ ಸಂಶಯ ಅವನಿಗಿರಲಿಲ್ಲ.

ಹೀಗೆ ತಮ್ಮ ಮಾತನ್ನು ಮರಳಿ ಪಡೆದವರು ಪಕ್ಕದ ವೇಲ್ಸ್ ನಾಡಿನವರಿಗೆ ಮಾಡಿದ್ದೇನು? ಬ್ರಿಟನ್ನಿನ ಹಳೆಯ ಒಕ್ಕಲು ವೆಲ್ಷರೇ. ಇಂಗ್ಲಿಷರ ಪೂರ್ವಿಕರು ತರುವಾಯ ಬಂದವರು. ಹೀಗಿದ್ದೂ ಆ ಹಳಬರನ್ನು ‘ಪರಕೀಯರು’ ಎಂದು ಕರೆದರು. ವೆಲ್ಷ್ ಎಂಬ ಹೆಸರಿನ ಮೂಲಾರ್ಥ ಅದೇ. 1536ರ ಶಾಸನದಲ್ಲಿ ವೇಲ್ಸಿನ ನ್ಯಾಯಸ್ಥಾನಗಳಿಗೆಲ್ಲ ಇಂಗ್ಲಿಷೊಂದೇ ಭಾಷೆಯೆಂದು ವಿಧಿಸಿ, ವೆಲ್ಷ್ ನುಡಿಯನ್ನೇ ಬಳಸುವವರಿಗೆ ಅಧಿಕಾರಸ್ಥಾನವಿಲ್ಲವೆಂದರು. ಮುನ್ನೂರು ವರ್ಷ ತಾವು ಉಂಡ ಕಹಿಯನ್ನೇ ನೆರೆಯವರ ಎಲೆಗೆ ಬಡಿಸಿದ ಹಾಗಾಯಿತು. 1588ರಲ್ಲಿ ವಿಲಿಯಂ ಮಾರ್ಗನ್ ವೆಲ್ಷ್ ಭಾಷೆಗೆ ತಂದ ಬೈಬಲ್ ಆ ನುಡಿಯನ್ನು ದೇವಾಲಯಗಳಲ್ಲಿ ಉಳಿಸಿತು. ವೇಲ್ಸಿನ ಕೋರ್ಟಿನಲ್ಲಿ ವೆಲ್ಷ್ ಆಡಬಯಸುವ ಯಾರಿಗೇ ಆಗಲಿ ಆ ಹಕ್ಕು ದೊರೆತದ್ದು 1967ರಲ್ಲಿ. ಎಣಿಸಿ ನೋಡಿ, 431 ವರ್ಷ.

ಇಂಗ್ಲೆಂಡಿನ ಕೋರ್ಟುಗಳ ಕಡತಗಳಿಂದ ಲ್ಯಾಟಿನ್ ತೊಲಗಿದ್ದು 1733ರಲ್ಲಿ. ಫ್ರೆಂಚು ಮಾತ್ರ ಒಂದು ಮೂಲೆಯಲ್ಲಿ ಇನ್ನೂ ಕುಳಿತಿದೆ: ಮಸೂದೆಗೆ ದೊರೆಯ ಸಮ್ಮತಿಯನ್ನು ಪಾರ್ಲಿಮೆಂಟಿನಲ್ಲಿ ಸಾರುವಾಗ, ‘ದೊರೆಗೆ ಇದು ಇಷ್ಟ’ ಎಂಬ ಮಾತನ್ನು ಇಂದಿಗೂ ಗುಮಾಸ್ತನು ನಾರ್ಮನ್ನರ ಫ್ರೆಂಚಿನಲ್ಲೇ ಹೇಳುತ್ತಾನೆ.