ಮುಪ್ಪಿಗೆ ತಿಂಗಳಿಗೆಷ್ಟು? ನಿವೃತ್ತಿ ಉಳಿತಾಯದ ಲೆಕ್ಕ ಬೆಳೆದುಬಂದ ಬಗೆ

ಸಂಬಳ ಕೈಸೇರಿದ ದಿನವೇ ಬಾಡಿಗೆ, ದಿನಸಿ, ಮಕ್ಕಳ ಫೀಸು, ಸಾಲದ ಕಂತು ತಮ್ಮ ತಮ್ಮ ಪಾಲನ್ನು ಕೇಳಿ ಪಡೆದುಕೊಳ್ಳುತ್ತವೆ. ಮೂವತ್ತು ವರ್ಷ ದೂರದ ಮುಪ್ಪು ಏನನ್ನೂ ಕೇಳುವುದಿಲ್ಲ. ಅದರ ಪಾಲು ಎಷ್ಟು ಎಂಬುದನ್ನು ದುಡಿಯುವವರೇ ನಿರ್ಧರಿಸಬೇಕು. ಈ ಪ್ರಶ್ನೆಗೆ ಮುನ್ನೂರು ವರ್ಷಗಳಿಂದ ಖಗೋಳಜ್ಞರು, ಪಾದ್ರಿಗಳು, ಆಡಳಿತಗಾರರು, ಅರ್ಥಶಾಸ್ತ್ರಜ್ಞರು ಉತ್ತರ ಹುಡುಕಿದ್ದಾರೆ. ಅವರು ಹಿಡಿದ ದಾರಿಗಳು ಬೇರೆ ಬೇರೆ. ಆದರೂ ಉತ್ತರಗಳು ಅಚ್ಚರಿಯೆನಿಸುವಷ್ಟು ಹತ್ತಿರ ಬಂದು ನಿಂತಿವೆ. ಆ ದಾರಿಗಳನ್ನು ಒಮ್ಮೆ ನೋಡಿಬಂದರೆ ನಮ್ಮ ತಿಂಗಳ ಲೆಕ್ಕವೂ ತಿಳಿಯಾಗುತ್ತದೆ.

ಆಯಸ್ಸನ್ನು ಅಳೆದವರು

ಎಷ್ಟು ಕೂಡಿಡಬೇಕೆಂದು ಹೇಳಲು ಮೊದಲು ಎಷ್ಟು ವರ್ಷ ಬದುಕುತ್ತೇವೆಂದು ತಿಳಿದಿರಬೇಕು. ಒಬ್ಬರ ಆಯಸ್ಸನ್ನು ಯಾರೂ ಹೇಳಲಾರರು, ಸಾವಿರಾರು ಜನರ ಸರಾಸರಿಯನ್ನು ಹೇಳಬಹುದು. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ಪಟ್ಟಣದ ಜನನ ಮರಣಗಳ ದಾಖಲೆಯಿಂದ ಜೀವಿತ ಕೋಷ್ಟಕವೊಂದನ್ನು ಕಟ್ಟಿದ. ಬದುಕಿರುವವರೆಗೆ ಪ್ರತಿವರ್ಷ ಹಣ ಕೊಡುವ ವರ್ಷಾಶನಕ್ಕೆ ಯಾವ ವಯಸ್ಸಿನಲ್ಲಿ ಎಷ್ಟು ಬೆಲೆ ಎಂಬುದನ್ನು ಅದರಿಂದ ಲೆಕ್ಕ ಹಾಕಿ ತೋರಿಸಿದ. 1744ರಲ್ಲಿ ಸ್ಕಾಟ್ಲೆಂಡಿನ ಪಾದ್ರಿಗಳಾದ ರಾಬರ್ಟ್ ವಾಲೇಸ್ ಮತ್ತು ಅಲೆಗ್ಸಾಂಡರ್ ವೆಬ್‌ಸ್ಟರ್ ತಮ್ಮವರ ವಿಧವೆಯರಿಗಾಗಿ ನಿಧಿ ಸ್ಥಾಪಿಸಿದಾಗ ಇಂಥದೇ ಗಣಿತವನ್ನು ಬಳಸಿದರು. ಗಣಿತಜ್ಞ ಕಾಲಿನ್ ಮೆಕ್ಲಾರಿನ್ ಅದನ್ನು ಪರಿಶೀಲಿಸಿಕೊಟ್ಟ. ಇಂದು ಕಟ್ಟುವ ವಂತಿಗೆಗೂ ಮುಂದೆ ಕೊಡಬೇಕಾದ ಹಣಕ್ಕೂ ಲೆಕ್ಕದ ನಂಟು ಬೆಳೆದದ್ದು ಹೀಗೆ.

ದೇಶವೊಂದು ಇಡೀ ಕಾರ್ಮಿಕ ವರ್ಗಕ್ಕೆ ಈ ಲೆಕ್ಕವನ್ನು ಅನ್ವಯಿಸಿದ್ದು 1889ರಲ್ಲಿ, ಬಿಸ್ಮಾರ್ಕ್ ಆಡಳಿತದ ಜರ್ಮನಿಯಲ್ಲಿ. ಕಾರ್ಮಿಕರು, ಮಾಲೀಕರು, ಸರ್ಕಾರ ಮೂವರೂ ಹಣ ಹಾಕುವ ವ್ಯವಸ್ಥೆ ಅದು. ಪಿಂಚಣಿಯ ವಯಸ್ಸು ಮೊದಲು 70 ಇತ್ತು, 1916ರಲ್ಲಿ 65ಕ್ಕೆ ಇಳಿಯಿತು. ಆ ವಯಸ್ಸನ್ನು ಮುಟ್ಟುವವರೇ ವಿರಳವಾಗಿದ್ದರಿಂದ ಸಣ್ಣ ವಂತಿಗೆಯೂ ಸಾಕಾಗುತ್ತಿತ್ತು. ಮುಂದಿನ ಶತಮಾನದ ಇಕ್ಕಟ್ಟೆಲ್ಲ ಆಯಸ್ಸು ಹೆಚ್ಚಿದ್ದರಿಂದ ಬಂದದ್ದು. ಭಾರತದಲ್ಲೂ ಇಂದು 60 ದಾಟಿದವರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಇದು ಸರಾಸರಿ ಮಾತ್ರ. ಮನೆಯ ಲೆಕ್ಕ ಹಾಕುವವರು 25 ವರ್ಷಕ್ಕೆ ಸಿದ್ಧರಾಗಿರಬೇಕು.

ರೂಪಾಯಿಗೆ ಒಂದಾಣೆ

ನಮ್ಮ ನಾಡಿನಲ್ಲಿ ಸಂಬಳದಿಂದಲೇ ಕಡ್ಡಾಯವಾಗಿ ಹಣ ಮುರಿದುಕೊಂಡು ಭದ್ರತೆ ಕಟ್ಟುವ ಪದ್ಧತಿ ಹಳೆಯದು. ಮೈಸೂರು ಸಂಸ್ಥಾನ ತನ್ನ ನೌಕರರಿಗೆಂದು 1891ರಲ್ಲಿ ಆರಂಭಿಸಿದ ಜೀವವಿಮೆ ಇಂದಿಗೂ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ(ಕೆಜಿಐಡಿ)ಯಾಗಿ ನಡೆಯುತ್ತಿದೆ. ಸರ್ಕಾರಿ ನೌಕರರ ಸಂಬಳದ ಚೀಟಿಯಲ್ಲಿ ಕೆಜಿಐಡಿ ಕಡಿತ ತಪ್ಪುವುದಿಲ್ಲ.

ಸ್ವಾತಂತ್ರ್ಯಾನಂತರ ಕಾರ್ಖಾನೆಯ ಕಾರ್ಮಿಕರಿಗೂ ಇಂಥ ಆಸರೆ ಬೇಕೆನಿಸಿ 1952ರಲ್ಲಿ ಭವಿಷ್ಯನಿಧಿ (ಪಿಎಫ್) ಕಾಯ್ದೆ ಬಂತು. ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ ಎಂಬ ಆರು ಉದ್ಯಮಗಳು ಮೊದಲು ಅದರ ವ್ಯಾಪ್ತಿಗೆ ಬಂದವು. ಆಗಿನ ವಂತಿಗೆ ಶೇ 6.25, ಅಂದರೆ ಸರಿಯಾಗಿ ರೂಪಾಯಿಗೆ ಒಂದಾಣೆ. ಮಾಲೀಕರೂ ಅಷ್ಟೇ ಹಾಕಬೇಕು. ಮುಂದೆ ಅದು ಶೇ 8.33 ಆಯಿತು, ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳ. ಆಮೇಲೆ ಶೇ 10, 1997ರಿಂದ ಶೇ 12. ಒಂದಾಣೆಯಿಂದ ಸುಮಾರು ಎರಡಾಣೆಗೆ ಏರಲು ನಲವತ್ತೈದು ವರ್ಷ ಹಿಡಿಯಿತು. ಇಬ್ಬರ ಪಾಲೂ ಸೇರಿದರೆ ಶೇ 24. ಕೇಳಲು ದೊಡ್ಡದೆನಿಸಿದರೂ ಇದು ಮೂಲ ವೇತನ (ಬೇಸಿಕ್) ಮತ್ತು ತುಟ್ಟಿಭತ್ಯೆ (ಡಿಎ) ಮೇಲಿನ ಲೆಕ್ಕ. ಕಾಯ್ದೆಯ ಕಡ್ಡಾಯಕ್ಕೆ ಇರುವ ಸಂಬಳದ ಮಿತಿ 2014ರಿಂದ 15,000 ರೂಪಾಯಿ. ಎಷ್ಟೋ ಕಂಪನಿಗಳು ಅಷ್ಟರ ಮೇಲೆ ಮಾತ್ರ ಪಿಎಫ್ ಕಟ್ಟುತ್ತವೆ. 60,000 ಸಂಬಳದವರಿಗೆ ಹಾಗೆ ಕಟ್ಟಿದರೆ ಇಬ್ಬರದೂ ಸೇರಿ ತಿಂಗಳಿಗೆ 3,600, ಒಟ್ಟು ಸಂಬಳದ ಶೇ 6 ಮಾತ್ರ.

ಮಾಲೀಕರ ಪಾಲಿನಲ್ಲಿ ಶೇ 8.33 ಹೋಗುವುದು 1995ರಲ್ಲಿ ಬಂದ ಪಿಂಚಣಿ ಯೋಜನೆಗೆ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಸಿಗುತ್ತದೆ. 15,000ದ ಮಿತಿಯಲ್ಲಿ 35 ವರ್ಷ ದುಡಿದವರಿಗೆ 7,500 ರೂಪಾಯಿ. ಬೆಲೆ ಏರಿದಂತೆ ಅದು ಏರುವುದಿಲ್ಲ. ಪಿಎಫ್ ಕಟ್ಟುತ್ತಿದ್ದೇವೆ ಎಂಬ ನೆಮ್ಮದಿಯ ಜೊತೆಗೆ ಈ ಅಂಕಿಯೂ ಮನೆಯವರಿಗೆ ಗೊತ್ತಿರಬೇಕು.

ಬದುಕಿಡೀ ಒಂದೇ ಸಮ

ಕಾನೂನು ಹೀಗೆ ಅಂದಾಜಿನಲ್ಲಿ ಸಾಗುತ್ತಿದ್ದಾಗ ಅರ್ಥಶಾಸ್ತ್ರ ಮೂಲ ಪ್ರಶ್ನೆಗೇ ಕೈಹಾಕಿತ್ತು. 1928ರಲ್ಲಿ ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ ಒಂದು ದೇಶ ತನ್ನ ಆದಾಯದಲ್ಲಿ ಎಷ್ಟನ್ನು ಉಳಿಸಬೇಕೆಂದು ಗಣಿತದಿಂದ ಕೇಳಿದ. ಮುಂದೆ ಬರುವ ಸುಖವನ್ನು ಇಂದಿನ ಸುಖಕ್ಕಿಂತ ಕೀಳೆಂದು ಎಣಿಸುವುದು ನೈತಿಕವಾಗಿ ಸಲ್ಲದು, ಅದು ಕಲ್ಪನಾಶಕ್ತಿಯ ದೌರ್ಬಲ್ಯ ಎಂಬುದು ಅವನ ನಿಲುವು. 26ನೇ ವಯಸ್ಸಿನಲ್ಲೇ ತೀರಿಕೊಂಡ ಈ ತರುಣನ ಕೆಲಸ ದಶಕಗಳ ನಂತರ ಉಳಿತಾಯ ಸಿದ್ಧಾಂತದ ಬುನಾದಿಯಾಯಿತು.

ಅದನ್ನು ಮನೆಯ ಮಟ್ಟಕ್ಕೆ ತಂದವರು ಫ್ರಾಂಕೊ ಮೊಡಿಗ್ಲಿಯಾನಿ ಮತ್ತು ರಿಚರ್ಡ್ ಬ್ರಂಬರ್ಗ್. 1954ರಲ್ಲಿ ಅವರು ಮಂಡಿಸಿದ ಜೀವನಚಕ್ರ ಸಿದ್ಧಾಂತದ ಸಾರ ಸರಳ. ಗಳಿಕೆ ಏರಿಳಿದರೂ ಮನುಷ್ಯ ಬದುಕಿಡೀ ಒಂದೇ ಸಮನಾಗಿ ಖರ್ಚು ಮಾಡಲು ಬಯಸುತ್ತಾನೆ, ಅದಕ್ಕಾಗಿ ದುಡಿಯುವ ಕಾಲದಲ್ಲಿ ಉಳಿಸಿ ದುಡಿಯದ ಕಾಲದಲ್ಲಿ ಕರಗಿಸುತ್ತಾನೆ. 40 ವರ್ಷ ದುಡಿದು 10 ವರ್ಷ ವಿಶ್ರಾಂತಿಯಲ್ಲಿರುವವರು ಬಡ್ಡಿಯೇ ಇಲ್ಲವೆಂದುಕೊಂಡರೆ ಗಳಿಕೆಯ ಐದರಲ್ಲಿ ಒಂದು ಪಾಲು ಉಳಿಸಬೇಕು. ಇದೇ ಲೆಕ್ಕವನ್ನು ಇಂದಿನ ಬದುಕಿಗೆ ಹಚ್ಚಿ ನೋಡಿ. 35 ವರ್ಷ ದುಡಿಮೆ, 25 ವರ್ಷ ನಿವೃತ್ತಿ ಎಂದಾದರೆ ಉಳಿತಾಯ ಶೇ 42ಕ್ಕೆ ಜಿಗಿಯುತ್ತದೆ. ಬೆಲೆಯೇರಿಕೆಯನ್ನು ಕಳೆದ ಮೇಲೆ ಶೇ 3ರ ನಿಜವಾದ ಬಡ್ಡಿ ಸಿಕ್ಕರೆ ಅದು ಸುಮಾರು ಶೇ 22ಕ್ಕೆ ಇಳಿಯುತ್ತದೆ. ಆಯಸ್ಸು ಏರಿಸಿದ ಹೊರೆಯನ್ನು ಚಕ್ರಬಡ್ಡಿ ಅರ್ಧದಷ್ಟು ಇಳಿಸುತ್ತದೆ, ಹೂಡಿದ ಹಣ ಬೆಲೆಯೇರಿಕೆಯನ್ನು ಮೀರಿ ಬೆಳೆದರೆ ಮಾತ್ರ.

ಹೊಣೆ ಹೆಗಲು ಬದಲಿಸಿತು

ಇಷ್ಟು ಕಾಲ ಲೆಕ್ಕ ತಪ್ಪಿದರೆ ನಷ್ಟ ಹೊರುತ್ತಿದ್ದವರು ಸರ್ಕಾರ ಅಥವಾ ಮಾಲೀಕರು. 1980ರ ಹೊತ್ತಿಗೆ ಅದು ಬದಲಾಗತೊಡಗಿತು. ಅಮೆರಿಕದಲ್ಲಿ 1978ರ ತೆರಿಗೆ ಕಾನೂನಿನ ಒಂದು ಕಲಮಿನಿಂದ 401(ಕೆ) ಎಂಬ ನಿವೃತ್ತಿ ಉಳಿತಾಯ ಖಾತೆಗಳು ಹುಟ್ಟಿದವು. ಚಿಲಿ 1981ರಲ್ಲಿ ಸಂಬಳದ ಶೇ 10ನ್ನು ಪ್ರತಿಯೊಬ್ಬರ ಸ್ವಂತ ಖಾತೆಗೆ ಹಾಕಿಸಿ ಖಾಸಗಿ ಕಂಪನಿಗಳ ಕೈಗೆ ಕೊಟ್ಟಿತು. ಆ ಶೇ 10 ಸಾಲಲಿಲ್ಲ. ಕೆಲಸ ಬಿಟ್ಟು ಹಿಡಿಯುವವರ ವಂತಿಗೆ ನಡುನಡುವೆ ನಿಂತುಹೋಗುತ್ತಿತ್ತು. ಸಣ್ಣ ಪಿಂಚಣಿ ಕಂಡ ಜನ 2016ರಲ್ಲಿ ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು.

ಭಾರತದಲ್ಲಿ ಕೇಂದ್ರ ಸರ್ಕಾರಿ ಸೇವೆಗೆ 2004ರ ಜನವರಿ 1ರಿಂದ ಸೇರಿದವರಿಗೆ, ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ ನಿಂತು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಬಂತು. ಕೊನೆಯ ಸಂಬಳದ ಅರ್ಧ ಎಂಬ ಖಾತರಿಯ ಜಾಗದಲ್ಲಿ ಮಾರುಕಟ್ಟೆ ಕೊಟ್ಟಷ್ಟು ಎಂಬ ವ್ಯವಸ್ಥೆ ನಿಂತಿತು. ನೌಕರರ ಶೇ 10ಕ್ಕೆ ಸರ್ಕಾರವೂ ಶೇ 10 ಸೇರಿಸುತ್ತಿತ್ತು. 2019ರಲ್ಲಿ ಕೇಂದ್ರ ತನ್ನ ಪಾಲನ್ನು ಶೇ 14ಕ್ಕೆ ಏರಿಸಿತು. ನೌಕರರ ಅಸಮಾಧಾನ ಆರದೆ, 2025ರ ಏಪ್ರಿಲ್‌ನಿಂದ ಕೇಂದ್ರ ನೌಕರರಿಗೆ ಏಕೀಕೃತ ಪಿಂಚಣಿ ಯೋಜನೆ ಜಾರಿಗೆ ಬಂತು. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಬೇಸಿಕ್‌ನ ಅರ್ಧದಷ್ಟು ಪಿಂಚಣಿ ಖಾತರಿ. ಅದಕ್ಕೆ ನೌಕರರಿಂದ ಶೇ 10, ಸರ್ಕಾರದಿಂದ ಶೇ 18.5, ಒಟ್ಟು ಶೇ 28.5. ಖಾಸಗಿ ಕೆಲಸದಲ್ಲಿರುವವರು ಈ ಅಂಕಿಯನ್ನು ಗಮನಿಸಬೇಕು. ಬೆಲೆಗೆ ತಕ್ಕಂತೆ ಏರುವ ಅರ್ಧ ಸಂಬಳದ ಪಿಂಚಣಿಗೆ ಸರ್ಕಾರವೇ ಕಟ್ಟಿದ ಬೆಲೆ ಇದು.

ಹೊಣೆ ವ್ಯಕ್ತಿಯ ಮೇಲೆ ಬಿದ್ದ ಮೇಲೆ ಸಂಶೋಧನೆಯೂ ಅವನ ಕಡೆ ತಿರುಗಿತು. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್, ಅಲ್ಲಿನ ಷೇರು ಮತ್ತು ಬಾಂಡುಗಳ 1926ರಿಂದೀಚಿನ ಇತಿಹಾಸ ತಿರುವಿ, ಇಡುಗಂಟಿನ ಶೇ 4ನ್ನು ಮೊದಲ ವರ್ಷ ತೆಗೆದು ಆಮೇಲೆ ಬೆಲೆಯೇರಿಕೆಯಷ್ಟೇ ಹೆಚ್ಚಿಸುತ್ತಾ ಹೋದರೆ 30 ವರ್ಷ ಹಣ ಮುಗಿಯದು ಎಂದು ತೋರಿಸಿದ. ವರ್ಷದ ಖರ್ಚಿನ 25 ಪಟ್ಟು ಕೂಡಿಡಿ ಎಂಬ ಮಾತು ಹರಡಿದ್ದು ಇದರಿಂದ. 2011ರಲ್ಲಿ ಸಂಶೋಧಕ ವೇಡ್ ಫಾವ್ ಪ್ರಶ್ನೆಯನ್ನೇ ತಿರುಗಿಸಿದ. ಇಡುಗಂಟಿನ ಗುರಿಯನ್ನು ಬದಿಗಿಟ್ಟು, ಯಾವ ದರದಲ್ಲಿ ಉಳಿಸಿದರೆ ಇತಿಹಾಸದ ಕೆಟ್ಟ ಕಾಲದಲ್ಲೂ ಬದುಕು ಸಾಗುತ್ತಿತ್ತು ಎಂದು ಕೇಳಿದ. 30 ವರ್ಷ ದುಡಿದು, ಗಳಿಕೆಯ ಅರ್ಧದಲ್ಲಿ 30 ವರ್ಷ ಬಾಳಲು ಅವನಿಗೆ ಸಿಕ್ಕ ದರ ಸುಮಾರು ಶೇ 16.6. ಇದು ಅಮೆರಿಕದ ಮಾರುಕಟ್ಟೆಯ ಇತಿಹಾಸ, ನಮ್ಮದಲ್ಲ. ಆದರೂ ಅದರ ವಿವೇಕ ಎಲ್ಲೆಡೆ ಸಲ್ಲುತ್ತದೆ. ಮಾರುಕಟ್ಟೆ ನಮ್ಮ ಕೈಯಲ್ಲಿಲ್ಲ, ಉಳಿಸುವ ದರ ನಮ್ಮ ಕೈಯಲ್ಲಿದೆ.

ತಿಳಿದರೂ ಮಾಡದ ಮನಸ್ಸು

ಸೂತ್ರಗಳಿದ್ದರೂ ಜನ ಉಳಿಸುತ್ತಿರಲಿಲ್ಲ. ಏಕೆಂಬುದನ್ನು ಕೆದಕಿದ್ದು ಈ ಶತಮಾನದ ಆರಂಭದಲ್ಲಿ. 2001ರಲ್ಲಿ ಬ್ರಿಜೆಟ್ ಮ್ಯಾಡ್ರಿಯನ್ ಮತ್ತು ಡೆನಿಸ್ ಶೇ ಎಂಬ ಸಂಶೋಧಕರು ಅಮೆರಿಕದ ಒಂದು ಕಂಪನಿಯ ದಾಖಲೆ ನೋಡಿದರು. ಬೇಡವೆಂದು ಹೇಳದ ಹೊರತು ಎಲ್ಲರನ್ನೂ ನಿವೃತ್ತಿ ಉಳಿತಾಯ ಯೋಜನೆಗೆ ಸೇರಿಸಿದಾಗ ಸದಸ್ಯತ್ವ ಬಹಳ ಏರಿತ್ತು. ಆದರೆ ಹೆಚ್ಚಿನವರು ಕಂಪನಿ ಮೊದಲೇ ನಿಗದಿ ಮಾಡಿದ್ದ ಶೇ 3ರಲ್ಲೇ ಉಳಿದುಬಿಟ್ಟಿದ್ದರು. ಯಾರೋ ಇಟ್ಟ ಅಂಕಿಯನ್ನು ಅವರು ಸಲಹೆಯೆಂದೇ ಭಾವಿಸಿದ್ದರು. ನಮ್ಮ ಶೇ 12ರ ಪಿಎಫ್ ವಿಷಯದಲ್ಲೂ ಆಗುವುದು ಇದೇ. ಕಾನೂನು ಹೇಳಿದ ಕನಿಷ್ಠವನ್ನು ನಾವು ಸಾಕಾಗುವಷ್ಟು ಎಂದುಕೊಳ್ಳುತ್ತೇವೆ.

2004ರಲ್ಲಿ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಪ್ರಕಟಿಸಿದ ಪ್ರಯೋಗ ಪರಿಹಾರವನ್ನೂ ಕೊಟ್ಟಿತು. ಇಂದಿನ ಸಂಬಳ ಮುಟ್ಟಬೇಡಿ, ಮುಂದೆ ಸಂಬಳ ಹೆಚ್ಚಿದಾಗಲೆಲ್ಲ ಅದರ ಒಂದು ಪಾಲು ಉಳಿತಾಯಕ್ಕೆ ಹೋಗಲೆಂದು ಈಗಲೇ ಒಪ್ಪಿ ಎಂದು ಕಾರ್ಮಿಕರನ್ನು ಕೇಳಲಾಯಿತು. ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಶೇ 3.5ರಿಂದ ಶೇ 13.6ಕ್ಕೆ ಏರಿತು. ಬ್ರಿಟನ್ 2012ರಿಂದ ನೌಕರರನ್ನು ಪಿಂಚಣಿ ಯೋಜನೆಗೆ ತಾನಾಗಿ ಸೇರಿಸುವ ಪದ್ಧತಿಯನ್ನು ಕಾನೂನು ಮಾಡಿತು. ಈ ಇಡೀ ಕ್ಷೇತ್ರದಲ್ಲಿ ಬಡ ಸಂಬಳದವರಿಗೂ ಕೈಗೂಡುವ ಶೋಧ ಸಂಬಳ ಹೆಚ್ಚಿದಾಗ ಉಳಿಸುವ ಉಪಾಯವೇ ಎಂಬುದು ನನ್ನ ನಂಬಿಕೆ. ಕೈಗೆ ಬಂದು ಖರ್ಚಿನ ರೂಢಿಯಾಗುವ ಮುನ್ನವೇ ಇಂಕ್ರಿಮೆಂಟಿನ ಅರ್ಧ ಉಳಿತಾಯಕ್ಕೆ ಹೋದರೆ ಮನೆಗೆ ಅದರ ಕೊರತೆ ಕಾಣುವುದಿಲ್ಲ.

ಒಂದು ಮನೆಯ ಲೆಕ್ಕ

ಇಷ್ಟನ್ನೂ ಒಂದು ಮನೆಗೆ ಅನ್ವಯಿಸೋಣ. ಸ್ವಂತ ಮನೆಯಿರುವ ದಂಪತಿಗೆ ನಿವೃತ್ತಿಯಲ್ಲಿ ಇಂದಿನ ಬೆಲೆಯಲ್ಲಿ ತಿಂಗಳಿಗೆ 20,000 ರೂಪಾಯಿ ಬೇಕೆಂದುಕೊಳ್ಳಿ. ವರ್ಷಕ್ಕೆ 2.4 ಲಕ್ಷ. 60ರಿಂದ 85ರವರೆಗೆ, ಹೂಡಿಕೆ ಬೆಲೆಯೇರಿಕೆಯಷ್ಟೇ ಬೆಳೆದರೂ ಸಾಕೆನ್ನುವಂತೆ, ಇಂದಿನ ಬೆಲೆಯ 60 ಲಕ್ಷ ಬೇಕು. ದುಡಿಯುವ ಕಾಲದಲ್ಲಿ ಬೆಲೆಯೇರಿಕೆಗಿಂತ ಶೇ 3 ಹೆಚ್ಚು ಗಳಿಕೆ ಎಂದಿಟ್ಟುಕೊಂಡರೆ 25ಕ್ಕೆ ಆರಂಭಿಸಿದವರು ತಿಂಗಳಿಗೆ ಸುಮಾರು 8,300, 30ಕ್ಕೆ ಆರಂಭಿಸಿದವರು 10,500, 40ಕ್ಕೆ 18,600, 50ಕ್ಕೆ 43,600 ರೂಪಾಯಿ ಉಳಿಸಬೇಕು. ಪಿಎಫ್‌ನಲ್ಲಿ ಮಾಲೀಕರು ಹಾಕುವುದೂ ಇದರೊಳಗೇ ಸೇರಿತು. ಇವು ಮೊದಲ ವರ್ಷದ ಮೊತ್ತಗಳು. ಬೆಲೆ ಏರಿದಂತೆ ಪ್ರತಿವರ್ಷ ಇವನ್ನೂ ಏರಿಸಬೇಕು. 10,500ರಲ್ಲೇ ಮೂವತ್ತು ವರ್ಷ ನಿಂತರೆ ಗುರಿ ತಲುಪುವುದಿಲ್ಲ.

ಬೆಲೆಯೇರಿಕೆಯನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ 2015ರ ಅಟಲ್ ಪಿಂಚಣಿ ಯೋಜನೆ ಉದಾಹರಣೆ. 60ರ ನಂತರ ತಿಂಗಳಿಗೆ 5,000 ಪಡೆಯಲು 18ನೇ ವಯಸ್ಸಿನಲ್ಲಿ ಸೇರಿದವರು 210 ರೂಪಾಯಿ ಕಟ್ಟಿದರೆ ಸಾಕು, 40ರಲ್ಲಿ ಸೇರಿದವರು 1,454 ಕಟ್ಟಬೇಕು. ಬೇಗ ಆರಂಭಿಸುವುದರ ಲಾಭ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಆದರೆ ವರ್ಷಕ್ಕೆ ಶೇ 6ರಂತೆ ಬೆಲೆ ಏರಿದರೆ ಆ 5,000ಕ್ಕೆ 42 ವರ್ಷದ ಬಳಿಕ ಇರುವ ಬೆಲೆ ಇಂದಿನ ಸುಮಾರು 430 ರೂಪಾಯಿ. ಈ ಯೋಜನೆ ಒಳ್ಳೆಯ ಆರಂಭ, ಅದೊಂದನ್ನೇ ನಂಬಿ ಕೂರುವಂತಿಲ್ಲ.

ಲೆಕ್ಕಕ್ಕೆ ಸಿಗದವರು

ಮೊಡಿಗ್ಲಿಯಾನಿಯ ಐದನೇ ಒಂದು, ಫಾವ್‌ನ ಶೇ 16.6, ಪಿಎಫ್‌ನ 24, ಏಕೀಕೃತ ಪಿಂಚಣಿಯ 28.5. ಇವೆಲ್ಲದರ ಅಳತೆಯ ತಳಹದಿ ಒಂದೇ ಅಲ್ಲ. ಆದರೂ ಎಲ್ಲವೂ ಗಳಿಕೆಯ ಆರನೇ ಒಂದು ಪಾಲಿನಿಂದ ಕಾಲು ಭಾಗದ ಆಚೀಚೆಯಲ್ಲೇ ನಿಲ್ಲುತ್ತವೆ. ಮೂವತ್ತರೊಳಗೆ ಆರಂಭಿಸಿದವರು ಮಾಲೀಕರ ಪಾಲೂ ಸೇರಿ ಒಟ್ಟು ಸಂಬಳದ ಐದನೇ ಒಂದನ್ನು ಗುರಿಯಾಗಿಟ್ಟುಕೊಳ್ಳುವುದು ಸಮಂಜಸ. ತಡವಾದವರು ಹೆಚ್ಚು ಉಳಿಸಬೇಕು, ಇಲ್ಲವೇ ಇನ್ನಷ್ಟು ವರ್ಷ ದುಡಿಯಬೇಕು. ಕೆಲಸ ಬದಲಿಸುವಾಗ ಪಿಎಫ್ ಬಿಡಿಸಿಕೊಂಡು ಖರ್ಚು ಮಾಡುವ ರೂಢಿಯನ್ನು ಎಲ್ಲರೂ ಬಿಡಬೇಕು. ಅಲ್ಲಿ ಕರಗುವುದು ಅತಿ ಹೆಚ್ಚು ವರ್ಷ ಬೆಳೆಯಬಹುದಾಗಿದ್ದ ಹಣ.

ಆದರೆ ಈ ಸೂತ್ರಗಳೆಲ್ಲ ತಿಂಗಳ ಸಂಬಳ ಇರುವವರಿಗಾಗಿ ಹುಟ್ಟಿದವು. ಕೃಷಿ ಕೂಲಿಗಳು, ಗಾರೆ ಕೆಲಸದವರು, ಬೀದಿ ಬದಿಯ ವ್ಯಾಪಾರಿಗಳು, ಮನೆಗೆಲಸದ ಹೆಂಗಸರ ಗಳಿಕೆಯಲ್ಲಿ ಐದನೇ ಒಂದು ತೆಗೆದರೆ ಇಂದಿನ ಊಟಕ್ಕೇ ಕೊರತೆ. ಮನೆಯಲ್ಲಿ ಜೀವಮಾನವಿಡೀ ದುಡಿದ ಗೃಹಿಣಿಗೆ ಪಿಎಫ್ ಖಾತೆಯೇ ಇಲ್ಲ. ಸರಾಸರಿಯಲ್ಲಿ ಗಂಡಸರಿಗಿಂತ ಹೆಚ್ಚು ವರ್ಷ ಬಾಳುವವರು ಹೆಂಗಸರೇ. 60ರಿಂದ 79 ವರ್ಷದ ಬಡವರ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುವ ಪಾಲು ತಿಂಗಳಿಗೆ ಕೇವಲ 200 ರೂಪಾಯಿ. ರಾಜ್ಯಗಳು ತಮ್ಮ ಪಾಲು ಸೇರಿಸಿದರೂ ಅದರಲ್ಲಿ ಬದುಕು ಸಾಗದು.

ಆದ್ದರಿಂದ ಎಷ್ಟು ಉಳಿಸಬೇಕೆಂಬ ಪ್ರಶ್ನೆಗೆ ಎರಡು ಉತ್ತರ ಬೇಕು. ಸಂಬಳ ಇರುವವರು ತಮ್ಮ ದರವನ್ನು ಇಂದೇ ನಿಗದಿ ಮಾಡಿ, ಅದನ್ನು ಇಂಕ್ರಿಮೆಂಟಿಗೆ ಕಟ್ಟಿಹಾಕಿ, ವರ್ಷಕ್ಕೊಮ್ಮೆ ಪರಿಶೀಲಿಸಬೇಕು. ಉಳಿಸಲಾಗದವರ ಮುಪ್ಪಿಗೆ ಬೆಲೆಗೆ ತಕ್ಕಂತೆ ಏರುವ ಗೌರವದ ಪಿಂಚಣಿಯನ್ನು ಸಮಾಜ ತನ್ನ ತೆರಿಗೆಯಿಂದ ಕೊಡಬೇಕು. ಮೊದಲನೆಯದನ್ನು ಮನೆಯ ಆಯವ್ಯಯದಲ್ಲಿ ಬರೆದುಕೊಳ್ಳುವ ನಾವು ಎರಡನೆಯದನ್ನು ಸರ್ಕಾರದ ಆಯವ್ಯಯದಲ್ಲಿ ಬರೆಸಲು ಅಷ್ಟೇ ಗಟ್ಟಿಯಾಗಿ ಒತ್ತಾಯಿಸಬೇಕು.